ಅಕ್ಷರ ಅಳಿದ ನಾಣ್ಯಗಳು



ವೈದ್ಯನೊಬ್ಬನನ್ನು ನಾಣ್ಯಗಳ ವಿಷಯವಾಗಿ ಉಪನ್ಯಾಸಕ್ಕೆ ಕರೆದಿರುವುದು ಸಮಿತಿಯವರ ಧೈರ್ಯಕ್ಕೆ ಸಾಕ್ಷಿ. ರಕ್ತದೊತ್ತಡದ ಮಾತು ಕೇಳಿ ದಣಿದವರಿಗೆ ಇಂದು ಬಿಡುವು.

ಅಲೆಗ್ಸಾಂಡರನ ತಂದೆ, ಮ್ಯಾಸಿಡೋನಿಯದ ಎರಡನೆಯ ಫಿಲಿಪ್, ಕ್ರಿ.ಪೂ. 4ನೆಯ ಶತಮಾನದಲ್ಲಿ ಚಿನ್ನದ ನಾಣ್ಯಗಳನ್ನು ಹೊರಡಿಸಿದನು. ಒಂದು ಮುಖದಲ್ಲಿ ಅಪೊಲೊ ದೇವತೆಯ ಶಿರಸ್ಸು. ಇನ್ನೊಂದರಲ್ಲಿ ಜೋಡುಕುದುರೆಯ ರಥ, ಅದರ ಕೆಳಗೆ ಗ್ರೀಕ್ ಲಿಪಿಯಲ್ಲಿ ಅರಸನ ಹೆಸರು. ಇಂದಿನ ಫ್ರಾನ್ಸಿನಲ್ಲಿದ್ದ ಕೆಲ್ಟ್ ಜನ ಇದನ್ನು ನೋಡಿ ತಮ್ಮದೇ ಅಚ್ಚುಗಳನ್ನು ಕೊರೆದರು. ಅವರದನ್ನು ನೋಡಿ ಬ್ರಿಟನ್ನಿನವರು. ಪ್ರತಿಯಿಂದ ಪ್ರತಿ ತೆಗೆಯುತ್ತ ಹೋದಂತೆ ರಥ ಕರಗಿ ಒಂದು ಚಕ್ರ ಉಳಿಯಿತು, ಎರಡು ಕುದುರೆ ಒಂದಾಯಿತು, ಅಪೊಲೊವಿನ ಮುಖ ಹೋಗಿ ಎಲೆಮಾಲೆಯಷ್ಟೇ ನಿಂತಿತು. ಈ ವಂಶಾವಳಿಯನ್ನು 1850ರ ಸುಮಾರಿಗೆ ಕ್ರಮವಾಗಿ ಬಿಡಿಸಿ ತೋರಿಸಿದವರು ಇಂಗ್ಲೆಂಡಿನ ಜಾನ್ ಎವಾನ್ಸ್. ವಿದ್ವಾಂಸರು ಇವನ್ನು ಬಹುಕಾಲ ‘ಕ್ಷೀಣಿಸಿದ’ ನಾಣ್ಯಗಳೆಂದು ಕರೆದರು. ರೋಗಪೀಡಿತ ಅಂಗಾಂಶಕ್ಕೆ ನಾವು ಬಳಸುವ ಮಾತು ಅದು, ನನಗೆ ಒಪ್ಪಿಗೆಯಿಲ್ಲ. ಆ ಒಂಟಿ ಕುದುರೆ ಗ್ರೀಕರ ಜೋಡಿಗಿಂತ ಚೆನ್ನಾಗಿ ಕುಣಿಯುತ್ತದೆ. ನಿಜವಾಗಿ ನಷ್ಟವಾದದ್ದು ಅಕ್ಷರ. ಚಿತ್ರ ಇನ್ನೂ ಸ್ಪಷ್ಟವಾಗಿರುವ ಎಷ್ಟೋ ನಾಣ್ಯಗಳಲ್ಲೂ ಫಿಲಿಪ್ಪನ ಹೆಸರು ಗೀರುಗಳಾಗಿಬಿಟ್ಟಿದೆ. ಕೊರೆದವನಿಗೆ ಅದು ಓದುವ ವಸ್ತುವಾಗಿರಲಿಲ್ಲ, ಅಂಚಿನ ಅಲಂಕಾರವಾಗಿತ್ತು.

ಇಂಥದೇ ಸಂಗತಿ ನಮ್ಮ ನಾಡಿನಲ್ಲಿಯೂ ನಡೆದಿದೆ. ಭಾರತಕ್ಕೆ ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣ ಹರಿದುಹೋಗುತ್ತಿದೆಯೆಂದು ರೋಮಿನ ಪ್ಲಿನಿ 1ನೆಯ ಶತಮಾನದಲ್ಲಿಯೇ ಗೊಣಗಿದನು. ಆ ಹಣದ ಒಂದಂಶ ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ನೆಲದಿಂದೆದ್ದಿತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿಯೂ ರೋಮನ್ ಬೆಳ್ಳಿ ನಾಣ್ಯಗಳು ದೊರೆತಿವೆ. ದಕ್ಷಿಣ ಭಾರತದಲ್ಲಿ ಅಸಲಿನೊಂದಿಗೆ ಸ್ಥಳೀಯ ಅನುಕರಣೆಗಳೂ ಸಿಗುತ್ತವೆ: ಚಕ್ರವರ್ತಿಯ ಮುಖ ಹಾಗೆಯೇ ಇದೆ, ಲ್ಯಾಟಿನ್ ಅಕ್ಷರದ ಜಾಗದಲ್ಲಿ ಕಡ್ಡಿ, ಸೊನ್ನೆ. ಚಿನ್ನದವುಗಳಲ್ಲಿ ಹಲವು ಒಳ್ಳೆಯ ಚಿನ್ನವೇ ಆದ್ದರಿಂದ ಎಲ್ಲವನ್ನೂ ಖೋಟಾ ಎನ್ನಲಾಗದು. ಕೆಲವಕ್ಕೆ ತಲೆಯ ಮೇಲೆ ಎರಡು ತೂತುಗಳಿವೆ; ನಮ್ಮ ಅಜ್ಜಿಯರ ಕಾಸಿನ ಸರದ ಪೂರ್ವಜರು ಇವೇ ಇರಬಹುದೆಂದು ನನ್ನ ಊಹೆ.

ಇನ್ನೂ ಸೋಜಿಗದ ಕಥೆ ಪಶ್ಚಿಮ ಭಾರತದ ಶಕ ಕ್ಷತ್ರಪರದು. ನಹಪಾನನ ಬೆಳ್ಳಿ ನಾಣ್ಯದ ಗ್ರೀಕ್ ಅಕ್ಷರಗಳನ್ನು ಓದಬಹುದು. ಅವನ ಪ್ರಾಕೃತ ಬಿರುದನ್ನೇ ಗ್ರೀಕ್ ಲಿಪಿಯಲ್ಲಿ ಬರೆಯಲಾಗಿದೆ. ಮುಂದಿನ ಅರಸರ ನಾಣ್ಯಗಳಲ್ಲಿ ಆ ಅಕ್ಷರಗಳು ಬರಬರುತ್ತ ಬರಿಯ ಅಲಂಕಾರವಾದವು.

ನಮ್ಮ ಯುಗಾದಿಯ ವೇದಿಕೆಯ ಮೇಲೆ ಮಕ್ಕಳು ಹಾಡುವಾಗ ನಾವೆಲ್ಲ ಹಿಗ್ಗುತ್ತೇವೆ. ಆದರೆ ಅವರ ಕೈಯ ಹಾಳೆ ಇಂಗ್ಲಿಷ್ ಲಿಪಿಯದು. ಅದರಲ್ಲಿ ‘ಹಾಲು’, ‘ಹಾಳು’ ಎರಡೂ ಒಂದೇ; ‘ಮನೆ’ಗೂ ‘ಮಣೆ’ಗೂ ಭೇದವಿಲ್ಲ. ರಾಗ ಸರಿಯಾಗಿರುತ್ತದೆ, ಸೀರೆ ಪಂಚೆಗಳೂ ಸರಿಯಾಗಿರುತ್ತವೆ. ಆ ಹಾಳೆಯಿಂದ ಕಲಿತವರು ಮುಂದೆ ತಮ್ಮ ಮಕ್ಕಳಿಗೆ ಯಾವ ಹಾಳೆಯನ್ನು ಕೊಟ್ಟಾರು? ಭಾನುವಾರದ ಕನ್ನಡ ತರಗತಿಗೆ ಸಾಕರ್ ಅಡ್ಡ ಬರುವುದನ್ನು ನಾನೂ ಬಲ್ಲೆ. ಆದರೂ ಹಾಡಿನ ಹಾಳೆಯ ಒಂದು ಮಗ್ಗುಲಲ್ಲಾದರೂ ಕನ್ನಡ ಲಿಪಿಯಿರಲೆಂದು ಸಮಿತಿಯವರಲ್ಲಿ ವಿನಂತಿಸುತ್ತೇನೆ.

ಕ್ಷತ್ರಪರೊಡನೆ ಕಾದಾಡಿದ ಸಾತವಾಹನರೂ ಅವರಂತೆಯೇ ಅರಸನ ಮುಖವಿರುವ ಬೆಳ್ಳಿ ನಾಣ್ಯಗಳನ್ನು ಮಾಡಿದರು. ಮುಖದ ಕಲ್ಪನೆ ಹೊರಗಿನದು. ಬರಹ ಮಾತ್ರ ತಮ್ಮದು. ಎರಡೂ ಬದಿಯಲ್ಲಿ ಬ್ರಾಹ್ಮಿ ಲಿಪಿ, ಒಂದೆಡೆ ಪ್ರಾಕೃತ, ಇನ್ನೊಂದೆಡೆ ದ್ರಾವಿಡ ನುಡಿ. ನಮ್ಮ ಕನ್ನಡ ಲಿಪಿಯ ಮೂಲವೂ ಆ ಬ್ರಾಹ್ಮಿಯೇ. ವಾಸಿಷ್ಠೀಪುತ್ರ ಪುಳುಮಾವಿಯ ಅಂಥದೊಂದು ನಾಣ್ಯದ ಚಿತ್ರವನ್ನು ದೊಡ್ಡದು ಮಾಡಿಸಿ ತಂದಿದ್ದೇನೆ. ಅದರ ಪ್ರಾಕೃತ ಬರಹ ‘ರ’ಕಾರದಿಂದ ಮೊದಲಾಗುತ್ತದೆ, ಒಂದು ಉದ್ದನೆಯ ಗೆರೆ. ಮಕ್ಕಳು ಮುಂದೆ ಬರಲಿ, ಅದನ್ನು ಹುಡುಕೋಣ.