ಲಕೋಟೆ ಇರಲಿ, ಪತ್ರ ಬೇಡ



ಮದುವೆಯ ಕರೆಯೋಲೆ ಮಾಡಿಸಬೇಕೆಂದರೆ ಬೆಂಗಳೂರಿನ ಜನ ಸುಲ್ತಾನ್‌ಪೇಟೆಯ ಅಂಗಡಿಗಳನ್ನು ಹುಡುಕಿಕೊಂಡು ಬರುತ್ತಾರೆ. ಒಳಗಿನ ಒಕ್ಕಣೆಗೆ ಮೊದಲು ಕಣ್ಣಿಗೆ ಬೀಳುವುದು ಲಕೋಟೆ. ವೈರಸ್ಸನ್ನು ಅರಿಯಲೂ ಈ ಹೋಲಿಕೆ ಸಾಕು. ಸರಳವಾದ ವೈರಸ್ ಎಂದರೆ ಒಂದು ಪತ್ರ, ಅದಕ್ಕೊಂದು ಲಕೋಟೆ, ಅಷ್ಟೆ. ಪತ್ರವೆಂದರೆ ಆರ್‌ಎನ್‌ಎ ಅಥವಾ ಡಿಎನ್‌ಎ ರೂಪದ ತಳಿಸಂದೇಶ. ಲಕೋಟೆ ಪ್ರೋಟೀನಿನದು. ವೈರಸ್ಸಿನ ಸಂತಾನ ಬೆಳೆಯುವುದು ಪತ್ರದಿಂದ. ಅದನ್ನು ಕಾಪಾಡಿ ಜೀವಕೋಶಕ್ಕೆ ಮುಟ್ಟಿಸುವುದು ಲಕೋಟೆಯ ಕೆಲಸ. ಹಾಗಿದ್ದರೆ ಪತ್ರವನ್ನು ತೆಗೆದು ಲಕೋಟೆಯನ್ನಷ್ಟೇ ಬಳಸಬಾರದೆ?

ಬಳಸಬಹುದು. ಹೆಪಟೈಟಿಸ್-ಬಿ ಲಸಿಕೆ ಇಂಥದೇ. ವೈರಸ್ಸಿನ ಹೊರಗವಚದ ಪ್ರೋಟೀನನ್ನು ಯೀಸ್ಟಿನಲ್ಲಿ ತಯಾರಿಸುತ್ತಾರೆ. ಅದರ ಕಣಗಳನ್ನು ಕಂಡ ದೇಹ ಶತ್ರು ಬಂದನೆಂದು ಸಜ್ಜಾಗುತ್ತದೆ. ರೋಗ ತಗಲುವ ಭಯವಿಲ್ಲ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಗುಟ್ಟೂ ಇದೇ.

ನಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಆರ್.ಎನ್. ಮೂರ್ತಿ ಮತ್ತು ಎಚ್.ಎಸ್. ಸಾವಿತ್ರಿ ಅವರ ತಂಡಗಳು ಆರಿಸಿಕೊಂಡದ್ದು ಮನುಷ್ಯರ ರೋಗವನ್ನಲ್ಲ, ಅಗಸೆ ಮರದ ಮೊಸಾಯಿಕ್ ವೈರಸ್ಸನ್ನು. 1995ರಲ್ಲಿ ಎಕ್ಸ್-ಕಿರಣಗಳ ನೆರವಿನಿಂದ ಅದರ ರಚನೆ ವಿವರವಾಗಿ ತಿಳಿಯಿತು. ಒಂದೇ ಪ್ರೋಟೀನಿನ 180 ಪ್ರತಿಗಳು ಕೂಡಿ ಸುಮಾರು 30 ನ್ಯಾನೊಮೀಟರ್ ಅಗಲದ ಗೋಳವಾಗಿದ್ದವು. ಒಂದು ಮಿಲಿಮೀಟರಿನಲ್ಲಿ ಇಂಥ ಮೂವತ್ತು ಸಾವಿರಕ್ಕೂ ಹೆಚ್ಚು ಗೋಳಗಳನ್ನು ಸಾಲಾಗಿ ನಿಲ್ಲಿಸಬಹುದು!

ಈ ಲಕೋಟೆ ಮಾಡಲು ಮರ ಬೇಕಿಲ್ಲ. ಪ್ರೋಟೀನಿನ ಜೀನನ್ನು ಇ. ಕೋಲೈ ಬ್ಯಾಕ್ಟೀರಿಯಾಕ್ಕೆ ಸೇರಿಸಿದರೆ ತುಣುಕುಗಳು ಯಾರೂ ಮಡಿಸದೆ ತಾವೇ ಗೋಳ ಕಟ್ಟುತ್ತವೆ. ವೈರಸ್ಸಿನ ಪತ್ರ ಅದರಲ್ಲಿರದು. ಪ್ರೋಟೀನಿನ ಒಂದು ತುದಿಯಿಂದ 65 ಅಮೈನೊ ಆಮ್ಲಗಳನ್ನು ಕತ್ತರಿಸಿದರೆ ಕೇವಲ 60 ತುಣುಕುಗಳ ಪುಟ್ಟ ಗೋಳವಾಗುತ್ತದೆ. ಅಳತೆಯೂ ಮನುಷ್ಯನ ಕೈಗೆ ಬಂತು.

ಇದರಿಂದ ವೈದ್ಯಕ್ಕೇನು ಲಾಭ? ಆಂಟಿಬಾಡಿಗಳು ಬಲವಾದ ಮದ್ದು. ಆದರೆ ಜೀವಕೋಶದ ಪೊರೆ ದಾಟಲಾರವು. ಸಾವಿತ್ರಿಯವರ ತಂಡ ಅಗಸೆ ವೈರಸ್ಸಿನ ಪ್ರೋಟೀನಿಗೆ, ಆಂಟಿಬಾಡಿಯನ್ನು ಹಿಡಿದುಕೊಳ್ಳುವ ಬ್ಯಾಕ್ಟೀರಿಯಾ ಪ್ರೋಟೀನಿನ ತುಣುಕೊಂದನ್ನು ಕೊಕ್ಕೆಯಂತೆ ಜೋಡಿಸಿತು. 2016ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಇಂಥ ಗೋಳಗಳು ಮೂರು ಬಗೆಯ ಆಂಟಿಬಾಡಿಗಳನ್ನು ಕೋಶದೊಳಕ್ಕೆ ಹೊತ್ತು ಒಯ್ದವು. ಒಂದು, ಅಕ್ಕಸಾಲಿಗರು ಹಿಂದೆ ಚಿನ್ನ ತೂಗುತ್ತಿದ್ದ ಗುಲಗಂಜಿಯ ವಿಷವನ್ನು ತಡೆಯುವಂಥದು. ಇನ್ನೊಂದು, ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಬಳಕೆಯಲ್ಲಿರುವಂಥದು.

ಆದರೆ ಇದು ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳಲ್ಲಿ ಸಿಕ್ಕ ಫಲ. ಬಟ್ಟಲಿನಲ್ಲಿ ಗೆದ್ದದ್ದು ರೋಗಿಯ ರಕ್ತದಲ್ಲೂ ಗೆಲ್ಲಬೇಕು. ಪರಕೀಯ ಪ್ರೋಟೀನನ್ನು ಕಂಡು ದೇಹ ಕೆರಳುವುದು ಲಸಿಕೆಗೆ ವರ. ಮದ್ದು ಸಾಗಿಸುವ ಲಕೋಟೆಗೆ ಅದೇ ತೊಡಕು. ಗುರಿ ಮುಟ್ಟುವ ಮೊದಲೇ ಲಕೋಟೆ ಹರಿದುಹೋಗಬಾರದು.

ಅಗಸೆ ಎಲೆಯ ಕಾಯಿಲೆಯಿಂದ ಕ್ಯಾನ್ಸರಿನವರೆಗೆ ಬಂದ ದಾರಿಯನ್ನು ಗಮನಿಸಿ. ತುಣುಕುಗಳು ಹೇಗೆ ಕೂಡುತ್ತವೆ ಎಂಬ ಕುತೂಹಲ ಅದರ ಮೊದಲ ಹೆಜ್ಜೆ. ಅಂಥ ಕುತೂಹಲಕ್ಕೆ ಹಣವೂ ಕಾಲವೂ ಸಿಗದಿದ್ದರೆ ಮದ್ದಿನ ಮಾತು ಏಳುತ್ತಲೇ ಇರಲಿಲ್ಲ.