ಗೆಳತಿಗೆ ಸೂತಕ ಇಲ್ಲ



ಬೇರೆ ಬೇರೆ ಊರಿನ ಕಲಿಕಾ ಕೇಂದ್ರಗಳಿಂದ ಬಂದಿದ್ದೀರಿ. ಇವತ್ತು ಹೊಸ ಪಾಠ ಇಲ್ಲ. ಸ್ಲೇಟು, ಪುಸ್ತಕ ಪಕ್ಕಕ್ಕೆ ಇಡಿ. ಸುಮ್ಮನೆ ಕೂತು ಮಾತಾಡೋಣ. ಈ ಮಾತನ್ನೇ ಆಮೇಲೆ ಅಚ್ಚು ಹಾಕಿಸಿ ಕೊಡುತ್ತೇವೆ. ಮನೆಯಲ್ಲಿ ನಿಧಾನವಾಗಿ ಓದಿಕೊಳ್ಳಿ.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ನೆಂಟರಿಗೆ ಒಂದು ಲೆಕ್ಕ ಇದೆ. ಅಣ್ಣ ತಮ್ಮಂದಿರಿಗೆ ಇಷ್ಟು ದಿನ ಸೂತಕ. ಮದುವೆಯಾಗಿ ಹೋದ ಹೆಣ್ಣುಮಗಳಿಗೆ ಇಷ್ಟು ದಿನ. ಲಿಂಗಾಯತರು ಸೂತಕ ಇಲ್ಲ ಅನ್ನುತ್ತಾರೆ. ಆದರೂ ದಿನ ನೋಡಿ ನೆಂಟರನ್ನು ಕರೆಯುತ್ತಾರೆ. ಯಾರು ಎಲ್ಲಿ ಕೂರಬೇಕು, ಯಾರ ಮನೆಯಿಂದ ಅನ್ನ ಬರಬೇಕು, ಎಲ್ಲಕ್ಕೂ ರೂಢಿ ಇದೆ.

ಗೆಳತಿಗೆ? ಗೆಳತಿಗೆ ಯಾವ ಲೆಕ್ಕವೂ ಇಲ್ಲ. ಮಣ್ಣಿಗೆ ಹೋಗಿ ಬರಬೇಕು. ತಲೆ ಮೇಲೆ ನೀರು ಹೊಯ್ದುಕೊಳ್ಳಬೇಕು. ಸಂಜೆ ಒಲೆ ಹಚ್ಚಬೇಕು. ಬೆಳಗಾದರೆ ಕೂಲಿಗೆ ಹೋಗಬೇಕು. ಎರಡು ದಿನ ಮಂಕಾಗಿ ಕೂತರೆ ಮನೆಯವರು ಕೇಳುತ್ತಾರೆ, "ಅವಳು ನಿನಗೇನಾಗಬೇಕಿತ್ತು?" ಅಂತ. ಏನಂತ ಹೇಳೋದು? ಅಕ್ಕನೂ ಅಲ್ಲ, ತಂಗಿನೂ ಅಲ್ಲ. ಏನೂ ಆಗಬೇಕಿರಲಿಲ್ಲ. ಆದರೂ ಎದೆ ಭಾರ.

ನಮ್ಮ ಕೇಂದ್ರದಲ್ಲಿ ಹೀಗೆ ಒಬ್ಬ ಗೆಳತಿಯನ್ನು ಕಳೆದುಕೊಂಡೆವು. ಅವಳ ಹೆಸರು ಇಲ್ಲಿ ಹೇಳುವುದಿಲ್ಲ. ಅವಳ ಮಗಳು ಬೇಡ ಅಂದಿದ್ದಾಳೆ. ಗೆಳತಿ ಅಂತಲೇ ಕರೆಯುತ್ತೇವೆ.

ನಮ್ಮ ಊರು ದಾವಣಗೆರೆಗೂ ಚಿತ್ರದುರ್ಗಕ್ಕೂ ನಡುವೆ, ಹೆದ್ದಾರಿ ಪಕ್ಕದಲ್ಲಿದೆ. ಹಿಂದೆ ಆ ರಸ್ತೆಗೆ 4ನೇ ನಂಬರ್ ಇತ್ತು. ಈಗ 48. ಊರು ರಸ್ತೆಯ ಈಚೆ, ಹೊಲ ಆಚೆ. ರಸ್ತೆ ದಾಟದೆ ಅನ್ನ ಇಲ್ಲ. ರಸ್ತೆಯ ಅಡಿಯಲ್ಲಿ ಹೋಗುವ ದಾರಿ ಒಂದಿದೆ. ಅದು ಒಂದು ಕಿಲೋಮೀಟರ್ ದೂರ. ದಿನವೆಲ್ಲ ಬಗ್ಗಿ ಕೆಲಸ ಮಾಡಿದವರು, ತಲೆ ಮೇಲೆ ಹುಲ್ಲಿನ ಹೊರೆ ಇದ್ದವರು, ಅಷ್ಟು ಸುತ್ತಿ ಬರುವುದಿಲ್ಲ. ಬರಬೇಕು ಅಂತ ಕಾರಿನಲ್ಲಿ ಕೂತು ಹೇಳುವುದು ಸುಲಭ.

2024ರ ಅಕ್ಟೋಬರ್. ದೀಪಾವಳಿಗೆ ಇನ್ನೊಂದು ವಾರ ಇತ್ತು. ಮೆಕ್ಕೆಜೋಳದ ತೆನೆ ಮುರಿಯುವ ಕೆಲಸ ನಡೆದಿತ್ತು. ಗೆಳತಿ ಕೆಲಸ ಮುಗಿಸಿ ಮುಸ್ಸಂಜೆಯಲ್ಲಿ ಬರುತ್ತಿದ್ದಳು. ಅರ್ಧ ರಸ್ತೆ ದಾಟಿದ್ದಳು. ಒಂದು ವಾಹನ ಗುದ್ದಿ, ನಿಲ್ಲದೆ ಹೋಯಿತು. ಅದು ಲಾರಿಯೋ ಟೆಂಪೋವೋ, ಅದೂ ಸರಿಯಾಗಿ ಗೊತ್ತಿಲ್ಲ. ನಂಬರ್ ಯಾರೂ ನೋಡಲಿಲ್ಲ.

ಅಲ್ಲಿ ನಾಲ್ಕು ಜನ ಸೇರಿದರು. "ಮುಟ್ಟಬ್ಯಾಡ್ರಪ್ಪಾ, ನಾಳೆ ಪೊಲೀಸ್ ಸ್ಟೇಷನ್ನು, ಕೋರ್ಟು ಅಂತ ಅಲೀಬೇಕಾಗುತ್ತೆ" ಅಂತ ಒಬ್ಬರು ಹೇಳಿದರಂತೆ. ಹಾಲಿನ ಗಾಡಿ ಹುಡುಗ ಒಬ್ಬ ಆ ಮಾತು ಕೇಳಲಿಲ್ಲ. 108ಕ್ಕೆ ಫೋನ್ ಮಾಡಿದ. ಅವಳ ತಲೆಯ ಕೆಳಗೆ ತನ್ನ ಟವಲ್ ಇಟ್ಟ. ಆಂಬುಲೆನ್ಸ್ ಬರೋತನಕ ಅಲ್ಲೇ ಕೂತಿದ್ದ. ಆ ಹುಡುಗನ ಕಡೆಗೇ ಕಾನೂನು ಇದೆ ಅನ್ನುವುದು ನಮಗೆ ಆಮೇಲೆ ಗೊತ್ತಾಯಿತು. ಗಾಯಗೊಂಡವರನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು ಹೇಳಲೇಬೇಕು ಅಂತಿಲ್ಲ. ಪೊಲೀಸರು ಅವರನ್ನು ಬಲವಂತ ಮಾಡುವ ಹಾಗಿಲ್ಲ. ನಮ್ಮ ರಾಜ್ಯದಲ್ಲೂ ಇದಕ್ಕೆ ಕಾನೂನು ಮಾಡಿದರು. 2019ರಲ್ಲಿ ದೇಶದ ಮೋಟಾರು ವಾಹನ ಕಾಯ್ದೆಗೂ ಇದನ್ನು ಸೇರಿಸಿದರು. ಈ ವಿಷಯವನ್ನು ಗಂಡಸರಿಗೂ ಓದಿ ಹೇಳಿ. ಹೆದರಿ ದೂರ ನಿಲ್ಲುವವರು ಅವರೇ ಜಾಸ್ತಿ.

ದಾವಣಗೆರೆ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು.

ಕಾಯಿಲೆ ಬಿದ್ದು ಸಾಯುವುದು ಬೇರೆ. ಅಲ್ಲಿ ನಮಗೆ ಸ್ವಲ್ಪ ಸಮಯ ಸಿಗುತ್ತದೆ. ಗಂಜಿ ಕಾಸಿ ತಗೊಂಡು ಹೋಗುತ್ತೇವೆ. ಕಾಲು ಒತ್ತುತ್ತೇವೆ. ಹಳೇ ಜಗಳ ಇದ್ದರೆ ಮುಗಿಸಿಕೊಳ್ಳುತ್ತೇವೆ. ರಸ್ತೆಯ ಸಾವು ಹಾಗಲ್ಲ. ನಿನ್ನೆ ಹೇಳಿದ ಮಾತು ಅರ್ಧಕ್ಕೇ ನಿಲ್ಲುತ್ತದೆ. ಗೆಳತಿ ಸಾಯುವ ಎರಡು ದಿನದ ಮುಂಚೆ ನಮ್ಮ ಕೇಂದ್ರದ ಒಬ್ಬ ಅಜ್ಜಿಗೆ ಒಂದು ಲೋಟದಲ್ಲಿ ಹೆಪ್ಪು ಕೊಟ್ಟಿದ್ದಳು. ಆ ಲೋಟ ಅಜ್ಜಿಯ ಮನೆಯಲ್ಲೇ ಉಳಿಯಿತು. ಅದೇ ಹೆಪ್ಪಿನಿಂದ ಅಜ್ಜಿ ಇವತ್ತಿಗೂ ಮೊಸರು ಮಾಡುತ್ತಾಳೆ. ಒಂದು ದಿನವೂ ಬಿಟ್ಟಿಲ್ಲ. "ಬಿಟ್ಟರೆ ಅವಳು ಹೋದ ಹಾಗೆ ಆಗುತ್ತದವ್ವಾ" ಅನ್ನುತ್ತಾಳೆ.

ಹನ್ನೊಂದು ದಿನ ಆದ ಮೇಲೆ ನಾವು ಮತ್ತೆ ಕೇಂದ್ರ ತೆರೆದೆವು. ಯಾರೂ ಪುಸ್ತಕ ತೆಗೆಯಲಿಲ್ಲ. ಸುಮ್ಮನೆ ಕೂತೆವು. ಆಮೇಲೆ ಒಬ್ಬಳು ಶುರು ಮಾಡಿದಳು. "ಟೀಚರ್, ಅವತ್ತು ನಾನು ಅವಳ ಜೊತೆ ಬರಬೇಕಿತ್ತು. ಬಂದಿದ್ದರೆ ಕೈ ಹಿಡಿದು ಎಳೀತಿದ್ದೆ." ಇನ್ನೊಬ್ಬಳು, "ನಾನು ಎಲೆ ಅಡಿಕೆ ಕೊಟ್ಟು ಇನ್ನೊಂದು ಗಳಿಗೆ ಕೂರಿಸಬೇಕಿತ್ತು." ಹೀಗೇ ಒಬ್ಬೊಬ್ಬರೂ ಒಂದೊಂದು ಹೇಳಿದರು. ಎಲ್ಲರ ಬಾಯಲ್ಲೂ 'ಬೇಕಿತ್ತು', 'ಇದ್ದಿದ್ದರೆ'. ಎಷ್ಟು ಜನ! ಗುದ್ದಿ ಹೋದವನೊಬ್ಬ ಮಾತ್ರ ಅಲ್ಲಿರಲಿಲ್ಲ. ತಪ್ಪು ಅವನದು. ಅದನ್ನು ಈ ಹೆಂಗಸರು ಹಂಚಿಕೊಂಡು ಹೊರುತ್ತಿದ್ದರು. ನಾವು ಅದನ್ನೇ ಅವರಿಗೆ ಹೇಳಿದೆವು. ಒಂದೇ ಸಲಕ್ಕೆ ಯಾರೂ ಒಪ್ಪಲಿಲ್ಲ. ನಾಲ್ಕಾರು ಸಲ ಹೇಳಬೇಕಾಯಿತು.

ಊರಲ್ಲಿ ಇನ್ನೊಂದು ಮಾತು ಇತ್ತು. "ಹಣೇಲಿ ಬರೆದಿತ್ತು, ಹೋದಳು." ದುಃಖದಲ್ಲಿ ಹಾಗೆ ಅಂದರೆ ನಾವು ಜಗಳ ಆಡುವುದಿಲ್ಲ. ಆದರೆ ಒಂದು ಲೆಕ್ಕ ನೋಡಿ. 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಜನ. ಇದು ಸರ್ಕಾರದ್ದೇ ಲೆಕ್ಕ. ಅಂದರೆ ಗಂಟೆಗೆ ಸುಮಾರು 19 ಜನ. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಗಾಡಿ ಇಲ್ಲದವರು. ಬ್ರಹ್ಮ ಇಷ್ಟೊಂದು ಜನರ ಹಣೆಯ ಮೇಲೆ ರಸ್ತೆ ಅಂತಲೇ ಬರೆದನಾ? ಆ ಅಜ್ಜಿ ಹೇಳಿದಳು, "ಬ್ರಹ್ಮ ಬರೀಲಿ ಬಿಡಲಿ, ಅಲ್ಲೊಂದು ಲೈಟಿನ ಕಂಬ ಇದ್ದಿದ್ದರೆ ಡ್ರೈವರ್ ನೋಡ್ತಿದ್ದ." ಅಷ್ಟೇ ಮಾತು.

ನಮ್ಮ ಕಡೆಯ ಹಿರಿಯರಿಗೆ ಈ ರಸ್ತೆ ಅಂದರೆ ಇನ್ನೊಂದು ಸಾವು ನೆನಪಾಗುತ್ತದೆ. ಸಿನಿಮಾ ನಟ ಶಂಕರ್ ನಾಗ್ ತೀರಿಕೊಂಡದ್ದು ಇಲ್ಲೇ, ಆನಗೋಡು ಹತ್ತಿರ. 1990ರ ಸೆಪ್ಟೆಂಬರ್ 30ರಂದು, ಕಾರು ಅಪಘಾತದಲ್ಲಿ. ಅವರಿಗಿನ್ನೂ 35 ವರ್ಷ. ಜೊತೆಗಿದ್ದ ಹೆಂಡತಿ ಅರುಂಧತಿ ಮತ್ತು ಪುಟ್ಟ ಮಗಳು ಬದುಕಿ ಉಳಿದರು. ಶಂಕರ್ ನಾಗ್ ಅವರಿಗೆ ನಾಟಕ ಅಂದರೆ ಪ್ರಾಣ. ಅವರ ನೆನಪಿಗೆ ಅರುಂಧತಿಯವರು ಗೆಳೆಯರನ್ನು ಸೇರಿಸಿಕೊಂಡು ಬೆಂಗಳೂರಿನಲ್ಲಿ ನಾಟಕದ ಮನೆ ಕಟ್ಟಿಸಿದರು. ಅದರ ಹೆಸರು ರಂಗಶಂಕರ. ಅದು ಶುರುವಾದದ್ದು 2004ರಲ್ಲಿ. ಹದಿನಾಲ್ಕು ವರ್ಷ ಹಿಡಿಯಿತು ನೋಡಿ. ಈಗಲೂ ಎಷ್ಟೋ ಆಟೋಗಳ ಹಿಂದೆ ಶಂಕರ್ ನಾಗ್ ಚಿತ್ರ ಇರುತ್ತದೆ. ಆ ಆಟೋದವರು ಅವರಿಗೆ ನೆಂಟರಲ್ಲ, ಏನೂ ಆಗಬೇಕಿಲ್ಲ.

ನಮ್ಮ ಗೆಳತಿಗೆ ನಾಟಕದ ಮನೆ ಕಟ್ಟಲು ನಮ್ಮ ಹತ್ತಿರ ದುಡ್ಡಿಲ್ಲ. ಅವಳದೊಂದು ನೋಟ್ ಪುಸ್ತಕ ಇತ್ತು.

ಅವಳು ಎಲ್ಲರಿಗಿಂತ ತಡವಾಗಿ ಕಲಿತವಳು. ತನ್ನ ಹೆಸರಿಗಿಂತ ಮೊದಲು ಮಗಳ ಹೆಸರು ಬರೆಯಲು ಕಲಿತಳು. ಅಂಕಿ ಬಂದ ಮೇಲೆ ಮಾತ್ರ ಅವಳನ್ನು ಹಿಡಿಯುವವರೇ ಇರಲಿಲ್ಲ. ದಿನಾ ಕೂಲಿ ಬರೆದಿಡುತ್ತಿದ್ದಳು. ಯಾವ ವಾರ, ಯಾರ ಹೊಲ, ಎಷ್ಟು ರೂಪಾಯಿ. ಕೊಟ್ಟರೆ ಅದರ ಮುಂದೆ ಒಂದು ಗೆರೆ. ಕೊಡದಿದ್ದರೆ ಗೆರೆ ಇಲ್ಲ. ಮಗಳು ಆ ಪುಸ್ತಕ ತಂದು ನಮ್ಮ ಮುಂದೆ ಇಟ್ಟಳು. ಏಳು ದಿನದ ಮುಂದೆ ಗೆರೆ ಇರಲಿಲ್ಲ. ನಾವು ಐದು ಜನ ಆ ಹೊಲದ ಯಜಮಾನರ ಮನೆಗೆ ಹೋದೆವು. ಗಲಾಟೆ ಮಾಡಲಿಲ್ಲ. ಪುಸ್ತಕ ಬಿಚ್ಚಿ ತೋರಿಸಿದೆವು. ಅವರು ಬಹಳ ಹೊತ್ತು ನೋಡಿದರು. ಐದು ದಿನದ ಕೂಲಿ ಕೊಟ್ಟರು. ಇನ್ನೆರಡು ದಿನದ್ದು ನೆನಪಿಲ್ಲ ಅಂದರು. ಮಗಳು ಅಲ್ಲೇ ಪೆನ್ನು ತೆಗೆದು ಐದು ಗೆರೆ ಎಳೆದಳು. ಎರಡು ಖಾಲಿ ಬಿಟ್ಟಳು.

ಅವಳ ಗಂಡ ಹಮಾಲಿ ಕೆಲಸ ಮಾಡುತ್ತಾರೆ. ಓದು ಬರಹ ಇಲ್ಲ. ಹೆಂಡತಿ ಸತ್ತ ಮೂರನೇ ವಾರ ಒಬ್ಬ ದಲ್ಲಾಳಿ ಮನೆಗೆ ಬಂದ. "ಪರಿಹಾರ ಕೊಡಿಸ್ತೀನಿ, ಬಂದದ್ದರಲ್ಲಿ ಅರ್ಧ ನನಗೆ" ಅಂದ. ಖಾಲಿ ಹಾಳೆಯ ಮೇಲೆ ಹೆಬ್ಬೆಟ್ಟು ಕೇಳಿದ. ಮಗಳು ಅವನಿಗೆ ಟೀ ಕೊಟ್ಟು ಕೂರಿಸಿ, ನಮ್ಮನ್ನು ಕರೆಯಲು ಓಡಿ ಬಂದಳು. ನಾವು ಹೋಗುವಷ್ಟರಲ್ಲಿ ಅವನು ಇರಲಿಲ್ಲ. ಟೀ ಮಾತ್ರ ಕುಡಿದಿದ್ದ.

ಈ ವಿಷಯ ಸರಿಯಾಗಿ ತಿಳಿದುಕೊಳ್ಳಿ. ಗುದ್ದಿದ ವಾಹನ ಯಾವುದು ಅಂತ ಗೊತ್ತಾಗದಿದ್ದರೂ ಪರಿಹಾರ ಇದೆ. ಮೊದಲು ಸಾವಿಗೆ 25,000 ರೂಪಾಯಿ ಇತ್ತು. 2022ರ ಏಪ್ರಿಲ್ 1ರಿಂದ 2 ಲಕ್ಷ ಮಾಡಿದ್ದಾರೆ. ತೀವ್ರ ಗಾಯವಾದರೆ 50,000. ಅರ್ಜಿಯನ್ನು ಉಪವಿಭಾಗಾಧಿಕಾರಿಗೆ ಅಥವಾ ತಹಶೀಲ್ದಾರರಿಗೆ ಕೊಡಬೇಕು. ಜೊತೆಗೆ ಪೊಲೀಸರ ಎಫ್‌ಐಆರ್ ಪ್ರತಿ, ಪೋಸ್ಟ್‌ಮಾರ್ಟಂ ವರದಿ, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಇಡಬೇಕು. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿಯನ್ನು ಪೊಲೀಸರು ಪುಕ್ಕಟೆ ಕೊಡಬೇಕು. ಹಣ ಬ್ಯಾಂಕ್ ಖಾತೆಗೇ ಬರುತ್ತದೆ. ನಡುವೆ ಯಾರೂ ಬೇಕಾಗಿಲ್ಲ.

ವಾಹನ ಸಿಕ್ಕಿದರೆ ದಾರಿ ಬೇರೆ. ಆಗ ಅಪಘಾತ ಪರಿಹಾರದ ನ್ಯಾಯಮಂಡಳಿಗೆ ಹೋಗಬೇಕು. ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ 2022ರಿಂದ ಕಾನೂನು ಬಂದಿದೆ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರು ಪುಕ್ಕಟೆ. ಬಡವರು ಅಂತ ಚೀಟಿ ತೋರಿಸುವುದೂ ಬೇಕಿಲ್ಲ.

ಒಂದು ದಿನ ನಮ್ಮ ಕೇಂದ್ರದಲ್ಲಿ ಜೋರು ಚರ್ಚೆ ಆಯಿತು. "ಅವಳೇನೋ ಕೂಲಿ ಮಾಡುತ್ತಿದ್ದಳು. ನಾನು ಮನೇಲಿರೋಳು. ನಾನು ಸತ್ತರೆ ಏನು ಅಂತ ಲೆಕ್ಕ ಹಾಕ್ತಾರೆ?" ಅಂತ ಒಬ್ಬಳು ಕೇಳಿದಳು. ಕೇಳುವ ಮಾತೇ ಅದು. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಇಂಥದೇ ಪ್ರಶ್ನೆ ಬಂದಿತ್ತು. ದೆಹಲಿಯಲ್ಲಿ ಅಪಘಾತದಲ್ಲಿ ಗಂಡ ಹೆಂಡತಿ ಇಬ್ಬರೂ ಸತ್ತಿದ್ದರು. ಹೆಂಡತಿ ಮನೆ ನೋಡಿಕೊಳ್ಳುತ್ತಿದ್ದವರು. ಮನೆಗೆಲಸಕ್ಕೂ ಬೆಲೆ ಕಟ್ಟಬೇಕು, ಅದು ದುಡಿಮೆಯೇ ಅಂತ ನ್ಯಾಯಾಧೀಶರು ಬರೆದರು. ಸರ್ಕಾರ 2019ರಲ್ಲಿ ಮಾಡಿದ ಲೆಕ್ಕವನ್ನೂ ಅಲ್ಲಿ ಹೇಳಿದರು. ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ. ಗಂಡಸರು 97 ನಿಮಿಷ. 97 ಅಂದ ಕೂಡಲೇ ನಮ್ಮ ಹೆಂಗಸರು ನಕ್ಕುಬಿಟ್ಟರು. "ಯಾವ ಊರಿನ ಗಂಡಸರು ಟೀಚರ್ ಅವರು?" ಅಂದರು. ಗೆಳತಿ ಹೋದ ಮೇಲೆ ನಾವೆಲ್ಲ ಸೇರಿ ನಕ್ಕದ್ದು ಅವತ್ತೇ ಮೊದಲು. ನಕ್ಕು ಆದ ಮೇಲೆ ಒಂದಿಬ್ಬರು ಕಣ್ಣು ಒರೆಸಿಕೊಂಡರು.

ಅವಳ ಮನೆಯಲ್ಲಿ ಒಂದು ಎಮ್ಮೆ ಇದೆ. ಮಗಳಿಗೆ ಹಾಲು ಕರೆಯಲು ಬರುತ್ತಿರಲಿಲ್ಲ. ಈ ವರ್ಷ ಅವಳು ಎಸ್‌ಎಸ್‌ಎಲ್‌ಸಿ. ಬೆಳಗ್ಗೆ ಪಾಳಿ ಪ್ರಕಾರ ನಮ್ಮಲ್ಲೊಬ್ಬರು ಹೋಗಿ ಹಾಲು ಕರೆದು ಬರುತ್ತೇವೆ. ಸೋಮವಾರ ಒಬ್ಬರು, ಮಂಗಳವಾರ ಇನ್ನೊಬ್ಬರು. ಪಾಳಿ ಪಟ್ಟಿಯನ್ನು ಕೇಂದ್ರದ ಗೋಡೆಗೆ ಅಂಟಿಸಿದ್ದೇವೆ. ಬರೆದವರು ನಾವಲ್ಲ, ಕಲಿಯುವವರೇ. ಒಂದೆರಡು ಒತ್ತಕ್ಷರ ತಪ್ಪಿದೆ. ಎಮ್ಮೆಗೆ ಅದರಿಂದ ತೊಂದರೆ ಆಗಿಲ್ಲ. ಬೆಳಗಿನ ಹೊತ್ತು ಆ ಕೊಟ್ಟಿಗೆಯಲ್ಲಿ ಕೂತು ಎಷ್ಟೋ ಜನ ಒಬ್ಬರೇ ಅತ್ತಿದ್ದಾರೆ. "ಅಲ್ಲಿ ಯಾರೂ ಏನಾಗಬೇಕು ಅಂತ ಕೇಳಲ್ಲ" ಅಂತ ಒಬ್ಬಳು ಹೇಳಿದಳು.

ಅರ್ಜಿಯನ್ನು ಮಗಳೇ ಬರೆದಳು. ಅಪ್ಪನಿಗೆ ಸಹಿ ಹಾಕುವುದನ್ನು ನಾಲ್ಕು ಸಂಜೆ ಕೂರಿಸಿ ಕಲಿಸಿದಳು. ಮೂಟೆ ಹೊತ್ತ ಕೈ, ಪೆನ್ನು ನಿಲ್ಲುತ್ತಿರಲಿಲ್ಲ. ಮೂರು ಅಕ್ಷರದ ಸಹಿ, ಒಂದು ಅಕ್ಷರ ಮೇಲೆ, ಒಂದು ಕೆಳಗೆ. ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡು ನಂಬರ್ ಬರೆದ ಚೀಟಿ ಕೊಟ್ಟರು. ಅಧಿಕಾರಿ ಒಂದು ತಿಂಗಳೊಳಗೆ ವಿಚಾರಣೆ ಮಾಡಿ ವರದಿ ಕಳಿಸಬೇಕು ಅಂತ ನಿಯಮ ಇದೆ. ಮೊನ್ನೆಗೆ ಒಂದು ತಿಂಗಳು ಮುಗಿಯಿತು. ಲೈಟಿನ ಕಂಬಕ್ಕೆ ಪಂಚಾಯಿತಿಗೆ ಬರೆದ ಅರ್ಜಿಗೂ ಉತ್ತರ ಬಂದಿಲ್ಲ. ಎರಡೂ ಚೀಟಿಗಳನ್ನು ಗೆಳತಿಯ ಆ ನೋಟ್ ಪುಸ್ತಕದಲ್ಲೇ ಇಟ್ಟಿದ್ದೇವೆ. ಬರುವ ಸೋಮವಾರ ನಾವು ಆರು ಜನ ಕೇಳಿಕೊಂಡು ಬರಲು ಹೋಗುತ್ತಿದ್ದೇವೆ. ಬಸ್ಸು ಒಂಬತ್ತೂವರೆಗೆ.