ಕೊನೆಯ ಬೆಂಚಿನ ಮಣಿ
(ವಾಗ್ಳೆ ಎಸ್ಟೇಟಿನಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಕದಂಬರನ್ನೂ ಹೊಯ್ಸಳರನ್ನೂ ಸ್ಮರಿಸುವುದು ವಾಡಿಕೆ. ಆ ಸಾಲಿಗೆ ಎಷ್ಟುಮಾತ್ರವೂ ಸಲ್ಲದ ಒಬ್ಬ ಪುಂಡ ಹುಡುಗನನ್ನು ನಾವು ಇಂದು ತಮ್ಮ ಮುಂದೆ ನಿಲ್ಲಿಸಬೇಕೆಂದಿದ್ದೇವೆ. ಅವನ ಹೆಸರು ಮಣಿ, ಊರು ಮಾಲ್ಗುಡಿ.

ಅವನನ್ನು ಸೃಷ್ಟಿಸಿದ ಆರ್. ಕೆ. ನಾರಾಯಣರು 1906ರಲ್ಲಿ ಮದರಾಸಿನಲ್ಲಿ ಹುಟ್ಟಿ, ಬಹುಕಾಲ ಮೈಸೂರಿನಲ್ಲಿ ಬಾಳಿದವರು. ಮನೆಮಾತು ತಮಿಳು, ಬರೆದುದು ಇಂಗ್ಲಿಷಿನಲ್ಲಿ. 1935ರಲ್ಲಿ ಲಂಡನ್ನಿನಲ್ಲಿ ಅಚ್ಚಾದ 'ಸ್ವಾಮಿ ಅಂಡ್ ಫ್ರೆಂಡ್ಸ್' ಅವರ ಮೊದಲ ಕಾದಂಬರಿ. ಅರ್ಧ ಶತಮಾನದ ಮೇಲೆ ಅದನ್ನು ದೂರದರ್ಶನದ ಮೂಲಕ ಮನೆಮನೆಗೆ ತಂದವರು ಶಂಕರನಾಗ್. ತಾರುಣ್ಯದಲ್ಲಿ ಈ ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿದ ಕನ್ನಡಿಗ ಅವರು. ಮಾಲ್ಗುಡಿಯನ್ನು ಅವರು ಕಂಡದ್ದು ನಮ್ಮ ಆಗುಂಬೆಯಲ್ಲಿ. ಅದರ ರೈಲು ನಿಲ್ದಾಣವನ್ನು ಕಂಡದ್ದು ಶಿವಮೊಗ್ಗ ಜಿಲ್ಲೆಯ ಅರಸಾಳಿನಲ್ಲಿ.

ಮಣಿ ಎಂಥವನು? ಕಣ್ಣು ಮುಚ್ಚುವಂತೆ ಟೋಪಿ, ಕಂಕುಳಲ್ಲಿ ತಮಿಳು ಕಾದಂಬರಿ, ಕೊನೆಯ ಬೆಂಚಿನಲ್ಲಿ ನಿದ್ರೆ, ಬಾಯಲ್ಲಿ ಸದಾ ದೊಣ್ಣೆಯ ಮಾತು. ನಮ್ಮ ಮಕ್ಕಳ ಭಾಷೆಯಲ್ಲಿ ಹೇಳುವುದಾದರೆ ಗಲ್ಲಿಯ ದಾದಾ. ಪರೀಕ್ಷೆಯ ಪ್ರಶ್ನೆಗಳನ್ನು ತಿಳಿಯಲು ಶಾಲೆಯ ಗುಮಾಸ್ತನಿಗೆ ಬದನೆಕಾಯಿ ಒಯ್ದು ಕೊಟ್ಟ ಮಹಾನುಭಾವ! ಬದನೆಕಾಯಿ ಖರ್ಚಾಯಿತೇ ಹೊರತು ಪ್ರಶ್ನೆ ಹೊರಬೀಳಲಿಲ್ಲ. ಗುಮಾಸ್ತರ ಕಸುಬು ಬಲ್ಲ ನಮಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಪೊಲೀಸ್ ಅಧಿಕಾರಿಯ ಮಗ ರಾಜಂ ಶಾಲೆಗೆ ಬಂದಾಗ, ಅವನನ್ನು ಸರಯೂ ನದಿಗೆ ಎಸೆಯುವೆನೆಂದು ಮಣಿ ಶಪಥ ಮಾಡುತ್ತಾನೆ. ಆದರೆ ನದೀತೀರದಲ್ಲಿ ಎದುರುಬದುರಾದಾಗ ಜಗಳ ಸ್ನೇಹವಾಗಿ ಮುಗಿಯುತ್ತದೆ. ಒಮ್ಮೆ ಕೈಕೊಟ್ಟ ಮೇಲೆ ಮಣಿ ಅದನ್ನು ಹಿಂತೆಗೆಯುವವನಲ್ಲ.

ಕೊನೆಯ ಅಧ್ಯಾಯವನ್ನು ನೋಡಿ. ಸ್ವಾಮಿ ಕ್ರಿಕೆಟ್ ಪಂದ್ಯಕ್ಕೆ ಬರಲಿಲ್ಲವೆಂದು ರಾಜಂ ಮುನಿದಿದ್ದಾನೆ. ತಂದೆಗೆ ವರ್ಗವಾಗಿ ಊರು ಬಿಡುತ್ತಿದ್ದಾನೆ. ಕಾಣಿಕೆಯ ಪುಸ್ತಕ ಹಿಡಿದು ಸ್ವಾಮಿ ನಿಲ್ದಾಣದಲ್ಲಿ ನಿಂತಿದ್ದಾನೆ, ರೈಲು ಹೊರಟೇಬಿಟ್ಟಿತು. ಆಗ ಚಲಿಸುವ ಗಾಡಿಯೊಡನೆ ಓಡಿ ಪುಸ್ತಕವನ್ನು ತಲುಪಿಸಿದವನು ಮಣಿ. ಅಷ್ಟೇ ಅಲ್ಲ. ರಾಜಂ ಕಾಗದ ಬರೆಯುವನೇ ಎಂದು ಸ್ವಾಮಿ ಕೇಳಿದಾಗ, ಬರೆಯುವನೆಂದು ಭರವಸೆ ಕೊಟ್ಟವನೂ ಅವನೇ. ಅದು ನಿಜವೋ, ಗೆಳೆಯನ ಕಣ್ಣೀರು ಒರೆಸಲು ಹೇಳಿದ ಮಾತೋ, ಸ್ವಾಮಿಗೆ ಆ ಮುಖದಿಂದ ತಿಳಿಯುವುದಿಲ್ಲ. ಬೆದರಿಕೆಯೊಂದನ್ನೇ ಬಲ್ಲ ಬಾಯಿ ಇಲ್ಲಿ ಸಾಂತ್ವನ ಕಲಿತಿತ್ತು.

ಈ ಕಥೆ ಇಲ್ಲಿ ಏಕೆಂದು ತಾವು ಕೇಳಬಹುದು. 1960ರ ದಶಕದಿಂದ ಕಾರ್ಖಾನೆಗಳ ನೆಲೆಯಾಗಿ ಬೆಳೆದ ಈ ವಾಗ್ಳೆ ಎಸ್ಟೇಟಿಗೆ ಹೊಟ್ಟೆಪಾಡು ನಮ್ಮನ್ನು ತಂದಿತು. ವರ್ಗದ ಆದೇಶ ಕೆಲವರನ್ನು ಬೇರೆಡೆಗೆ ಒಯ್ದಿತು. ನಮ್ಮ ಮಕ್ಕಳೂ ಗೆಳೆಯರನ್ನು ಕಳೆದುಕೊಳ್ಳುತ್ತಾರೆ. ಅಂಕ ಹೆಚ್ಚು ತರುವವನ ಸ್ನೇಹ ಮಾಡೆಂದು ನಾವು ಅವರಿಗೆ ಬುದ್ಧಿ ಹೇಳುತ್ತೇವೆ. ಕೊನೆಯ ಬೆಂಚಿನವನ ನೆರಳೂ ಬೇಡವೆನ್ನುತ್ತೇವೆ. ಆದರೆ ಮಗು ಹೊಸ ಶಾಲೆಯಲ್ಲಿ ಮರಾಠಿ ಮಾತು ತಿಳಿಯದೆ ತಬ್ಬಿಬ್ಬಾದಾಗ ಅದರ ಪಕ್ಕದಲ್ಲಿ ನಿಲ್ಲುವವನು ಯಾರು? ಅಂಕಪಟ್ಟಿಯಲ್ಲಿ ಆ ವಿಷಯಕ್ಕೆ ಅಂಕಣವಿಲ್ಲ.

ಹೊಡೆತ ಬಡಿತವನ್ನು ನಾವು ಸಮರ್ಥಿಸುತ್ತಿಲ್ಲ. ದುರ್ಬಲರನ್ನು ಪೀಡಿಸುವವನನ್ನು ತಡೆಯಲೇಬೇಕು. ಆದರೆ ತಡೆಯುವ ಕೈ ಅವನನ್ನು ಹೊರಗೆ ತಳ್ಳುವ ಕೈಯಾಗಬಾರದು. ಒಂದು ದಿನ ಅವನನ್ನು ಮನೆಗೆ ಕರೆದು, ಎರಡು ದೋಸೆ ಬಡಿಸಿ, "ಏನಪ್ಪಾ, ನಿನ್ನ ಹೆಸರೇನು?" ಎಂದು ಕೇಳಿ ನೋಡಿ. ದೊಣ್ಣೆಯ ಹಿಂದಿನ ಮಣಿ ಆಗ ಕಾಣಿಸಿಯಾನು.